ಹೋಗಬೇಡ ಅನ್ನುವ ಮೊದಲು

ನವೆಂಬರ್ ೧೪, ಮಂಗಳವಾರ

ಮೈಯೆಲ್ಲ ಸೋತಿದೆ, ಆದರೂ ನಿದ್ದೆ ಹತ್ತುತ್ತಿಲ್ಲ. ಸಂಜೆಯ ಆ ಗಳಿಗೆ ಬಿಡುತ್ತಿಲ್ಲ.

ಮಧ್ಯಾಹ್ನ ವಲಸೆ ಇಲಾಖೆಯ ಇಬ್ಬರು ವ್ಯಾನಿನಲ್ಲಿ ಬಂದರು. ನಮ್ಮ ಚರ್ಚಿನ ಹಾಲ್‌ನಲ್ಲಿ ಹೆಂಡತಿ ಮಕ್ಕಳೊಂದಿಗೆ ಆಶ್ರಯ ಪಡೆದಿರುವ, ಈ ದೇಶದ ಕಾಗದಪತ್ರವಿಲ್ಲದ ಗಾರೆ ಕೆಲಸದವನನ್ನು ಕಳಿಸಿಕೊಡಿ ಎಂದರು. ಕೋರ್ಟಿನ ಆದೇಶ ತೋರಿಸಿ ಎಂದು ನಾನು ಬಾಗಿಲಿಗೆ ಅಡ್ಡ ನಿಂತೆ. ದನಿ ಗಟ್ಟಿಯಾಗೇ ಇತ್ತು.

ಎದುರು ಸಲೂನಿನವನು ಗಿರಾಕಿಯನ್ನು ಅರ್ಧ ಗಡ್ಡದಲ್ಲೇ ಬಿಟ್ಟು, ಕೈಯ ನೊರೆ ಒರೆಸಿಕೊಳ್ಳುತ್ತ ರಸ್ತೆ ದಾಟಿ ಬಂದ. ಗಾರೆಯವನ ಸಂಸಾರವನ್ನು ಹಾಲ್‌ಗೆ ಸೇರಿಸಿಕೊಂಡ ದಿನದಿಂದ ನನ್ನ ಮುಖ ಕಂಡರೆ ಸಿಡಿಮಿಡಿಗುಟ್ಟುವವನು. ಪಕ್ಕದಲ್ಲಿ ನಿಂತು ಮೆಲ್ಲಗೆ ಅಂದ: "ನೀವು ಮಾಡ್ತಿರೋದು ನಂಗೆ ಇವತ್ತಿಗೂ ಹಿಡಿಸಿಲ್ಲ, ಪಾಸ್ಟರೇ. ಆದ್ರೆ ಒಬ್ಬರೇ ನಿಂತಿದ್ರಿ, ನೋಡ್ಕೊಂಡು ಕೂರೋಕಾಗ್ಲಿಲ್ಲ."

ಅವನ ಹಿಂದೆ ಬೇಕರಿಯಾಕೆ ಬಂದಳು, ಅವಳ ಅತ್ತೆ ಬಂದರು, ಅರ್ಧ ಗಡ್ಡದ ಗಿರಾಕಿಯೂ ಬಂದ. ಮೆಟ್ಟಿಲು ತುಂಬಿತು. "ನಾಳೆ ಆದೇಶ ತಗೊಂಡೇ ಬರ್ತೀವಿ" ಎಂದು ಅಧಿಕಾರಿಗಳು ಹೊರಟರು.

ಸಂಜೆ ಗಾರೆಯವನು ಬಟ್ಟೆಯ ಗಂಟು ಹಿಡಿದು ನಮ್ಮ ಅಡುಗೆಮನೆಗೆ ಬಂದ. "ನಾನೇ ಹೋಗ್ಬಿಡ್ತೀನಿ. ನಿಮಗ್ಯಾಕೆ ತೊಂದರೆ?"

ನನ್ನೊಳಗೆ ಏನೋ ಹಗುರಾಯಿತು. ಹೋಗಲಿ ಅನಿಸಿತು. ಸಾಕಾಗಿತ್ತು ನನಗೆ, ಅಷ್ಟೇ.

ನಾನು ಬಾಯಿ ತೆರೆಯುವ ಮೊದಲೇ ನನ್ನವಳು ಅವನ ಕೈಯಿಂದ ಗಂಟು ಕಿತ್ತುಕೊಂಡಳು. "ಊಟ ಆರ್ತಿದೆ, ಮಕ್ಕಳನ್ನ ಕರಿ."

ಅವನು ನನ್ನ ಮುಖವನ್ನೇ ನೋಡುತ್ತಿದ್ದ. ನಾನು ಹಗುರಾದದ್ದು ಅವನಿಗೆ ಕಂಡಿತೇನೋ. ಹೋಗಬೇಡ ಎಂದು ನನ್ನ ಬಾಯಿಂದಲೇ ಅವನು ಕೇಳಬೇಕು. ನಾಳೆ ಹೇಳುತ್ತೇನೆ ಎಂದು ಬರೆಯಹೊರಟೆ. ಹಾಲ್‌ನ ದೀಪ ಇನ್ನೂ ಉರಿಯುತ್ತಿದೆ, ಅವನೂ ಮಲಗಿಲ್ಲ. ಈಗಲೇ ಹೋಗಿ—