ಯಾರೂ ಮುಟ್ಟದ ಕಂಬ

ದೊಡ್ಡಮ್ಮ, ನಮಸ್ಕಾರ. ವಿಜಯಪುರಕ್ಕೆ ಬಂದು ನಾಲ್ಕು ದಿನವಾಯಿತು, ನನ್ನ ತಲೆ ಕೆಟ್ಟುಹೋಗಿದೆ.

ಒಂದೇ ಕಟ್ಟಡದ ನಕ್ಷೆಯನ್ನು ಎಂಟು ಎಂಜಿನಿಯರುಗಳು ತಮ್ಮ ತಮ್ಮ ಕಂಪ್ಯೂಟರಿನಲ್ಲಿ ಒಟ್ಟಿಗೇ ತೆರೆದು, ಒಬ್ಬರ ತಪ್ಪನ್ನು ಇನ್ನೊಬ್ಬರು ತಿದ್ದಬೇಕು. ನಾನು ಕಲಿಸುತ್ತಿರುವುದು ಇಷ್ಟೇ. ನಕ್ಷೆ ತಿಕೋಟಾದ ಒಂದು ಕಲ್ಯಾಣಮಂಟಪದ್ದು, ಸೋಮವಾರ ಪಾಯ ತೋಡುತ್ತಾರೆ. ಇವರಲ್ಲೇ ಹಿರಿಯರಾದ ಸದಾಶಿವ ಅವರು ಊಟದ ಕೋಣೆಯ ಬಾಗಿಲಿಗೆ ಅಡ್ಡಲಾಗಿ ಕಂಬ ಇಟ್ಟಿದ್ದಾರೆ. ಮೂರು ದಿನದಿಂದ ಎಂಟೂ ಪರದೆಗಳಲ್ಲಿ ಅದು ತಪ್ಪೆಂದು ಕೆಂಪಗೆ ಮಿನುಗುತ್ತಿದೆ, ಒಬ್ಬರೂ ಮುಟ್ಟುತ್ತಿಲ್ಲ! ಸಂಘಮಿತ್ರಾ ಎಂಬ ಜಾಣೆ ಇವತ್ತು ಬಾಗಿಲನ್ನೇ ಪಕ್ಕಕ್ಕೆ ಸರಿಸಿದಳು. ಈಗ ನೆಂಟರು ಕೈತೊಳೆಯುವ ತೊಟ್ಟಿ ಹತ್ತಿಳಿದು ಊಟಕ್ಕೆ ಬರಬೇಕು.

"ಕಂಬ ಯಾಕೆ ಸರಿಸಲಿಲ್ಲ?" ಎಂದೆ.

"ಹಿರ್ಯಾರು ಇಟ್ಟಿದ್ದನ್ನ ನಾವು ಹೆಂಗ ಸರಸೂದ್ರಿ, ಮೇಡಂ?"

ಚಹಾದ ಹೊತ್ತಿನಲ್ಲಿ ಸದಾಶಿವ ಅವರಿಗೇ ಮೆಲ್ಲಗೆ ಹೇಳಿದೆ.

"ಗೊತ್ತದ್ರಿ, ಮೊದಲನೇ ದಿನಾನ ನೋಡೇನಿ. ಯಾರರೆ ಸರಸ್ತಾರೇನು ಅಂತ ಕಾಯಾಕತ್ತೇನಿ."

"ನೀವೇ ಸರಿಸಬಾರದೇ ಸಾರ್?"

"ನಾನ ಸರಿಸಿದ್ರ ಇವ್ರು ಕಲಿಯೂದು ಯಾವಾಗ್ರಿ?"

ಕೂಗಿ ಕೂಗಿ ಗಂಟಲು ಕಟ್ಟಿದೆ, ಬಿಸಿನೀರು ಕುಡಿಯುತ್ತಿದ್ದೇನೆ. ಇವತ್ತು ಶುಕ್ರವಾರ. ಕಂಬ ಅಲ್ಲೇ ಇದೆ.

ಮೈಥಿಲಿ