ಮಗಳ ಪಾಲಿನ ಹಾಲು

ರಂಗಂಪೇಟೆ, ಸುರಪುರ
೩೦ ಜುಲೈ ೨೦೨೫, ಬುಧವಾರ

ಪ್ರೀತಿಯ ರಾಧಿಕಾ,

ನಿನ್ನ ಹೆಸರಿನ ಮುಂದೆ ‘ಚಿ. ಸೌ.’ ಎಂದು ಬರೆಯಲು ಪೆನ್ನು ತಾನಾಗಿಯೇ ಹೋಯಿತು. ‘ಚಿ.’ ಬರೆದು ನಿಂತುಬಿಟ್ಟೆ. ಆ ಹಾಳೆ ಹರಿದು ಹಾಕಿ ಇದನ್ನು ತೆಗೆದುಕೊಂಡಿದ್ದೇನೆ. ಹೇಗಿದ್ದೀಯ ಅವ್ವಾ? ಪಂಚಮಿಯ ಜಂಪರುಗಳು ರಾಶಿ ಬಿದ್ದಿರುತ್ತವೆ, ಹೊಲಿಗೆ ಮಷಿನ್ ಮುಂದೆ ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಂಡಿರುತ್ತೀ. ರಾತ್ರಿ ಬಿಸಿನೀರು ಹಾಕಿಕೋ. ಹೊಟ್ಟೆಗೆ ಸರಿಯಾಗಿ ತಿನ್ನು, ಬರೀ ಚಹಾದ ಮೇಲೆ ದಿನ ಕಳೆಯಬೇಡ. ನಿನ್ನ ಮಾವನ ಮೊಣಕಾಲು ಹಾಗೆಯೇ ಇದೆ, ಆದರೂ ಅಂಗಡಿಗೆ ಹೋಗುವುದು ಬಿಟ್ಟಿಲ್ಲ. ನಿನ್ನ ಮೈದುನ ಬಸಲಿಂಗ ಕಡೇಚೂರಿನ ಫ್ಯಾಕ್ಟರಿಗೆ ನಾಲ್ಕು ದಿನ ರಜೆ ಹಾಕಿ ಹಬ್ಬಕ್ಕೆ ಬಂದಿದ್ದಾನೆ. ನನಗೆ ಯಾವ ರೋಗವೂ ಇಲ್ಲ, ಬಾಯಿಯದೊಂದು ಬಿಟ್ಟು.

ಫೋನ್ ಇರುವಾಗ ಅತ್ತೆ ಪತ್ರ ಬರೆಯುತ್ತಾಳಲ್ಲ ಎಂದು ನಗಬೇಡ. ನೋಡು, ಮತ್ತೆ ಅದೇ ಮಾತು ಬರೆದೆ. ನಗು, ಎಷ್ಟು ಬೇಕಾದರೂ ನಗು. ಈ ತಿಂಗಳಲ್ಲಿ ಮೂರು ಸಲ ನಿನಗೆ ಫೋನ್ ಹಚ್ಚಿದೆ. ನೀನು “ಹಲೋ ಅತ್ತಿ” ಅನ್ನುವುದರೊಳಗೆ ಕಟ್ ಮಾಡಿದೆ. ಟವರ್ ಇಲ್ಲವೆಂದು ನೀನು ತಿಳಿದಿರಬಹುದು. ಟವರ್ ಇತ್ತು, ನನಗೇ ಮಾತು ಬರಲಿಲ್ಲ. ಓಣಿಯಲ್ಲಿ ಜಗಳವಾದರೆ ಮೊದಲು ಕೇಳಿಸುವುದು ಶೇಖಮ್ಮನ ದನಿಯೇ ಎನ್ನುತ್ತಾರೆ, ಅಂಥ ನನ್ನ ಗತಿ ಇದು.

ಕಾರಹುಣ್ಣಿಮೆ ಕಳೆದ ವಾರ ನಿನ್ನ ಅಣ್ಣ ವಿಶ್ವರಾಧ್ಯ ಕಕ್ಕೇರಾದಿಂದ ಬಂದಿದ್ದ. ಬಾಗಿಲ ಬಳಿಯೇ ಚಪ್ಪಲಿ ಬಿಟ್ಟು, ನೆಲದ ಮೇಲೆ ಕೂತು, ಶಹಾಪುರದ ಮರಿಲಿಂಗನ ವಿಷಯ ತೆಗೆದ. ಹೈಸ್ಕೂಲ್ ಮಾಸ್ತರ, ಹೆಂಡತಿ ಹೋಗಿ ಮೂರು ವರ್ಷ, ಐದು ವರ್ಷದ ಹೆಣ್ಣುಮಗು ಇದೆ, ನಿನ್ನನ್ನು ಕೇಳುತ್ತಿದ್ದಾರೆ ಎಂದ. “ನಮ್ಮ ತಂಗಿ ಒಂದ ಮಾತು ಹಿಡಕೊಂಡು ಕುಂತಾಳ್ರಿ. ಅತ್ತಿ ಹೂಂ ಅಂದ್ರಷ್ಟ ನಾ ಹೂಂ ಅಂತೀನಿ ಅಂತಾಳ. ಅವರು ಶ್ರಾವಣ ಮುಗಿಯೂತನಕ ಕಾಯ್ತೀವಿ ಅಂದಾರ” ಎಂದ. ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಎದ್ದು ಒಳಗೆ ಹೋಗಿ ಜೋಳ ಹಸನು ಮಾಡುತ್ತ ಕೂತೆ. ಪಾಪ, ಅಷ್ಟು ದೂರದಿಂದ ಬಂದವನಿಗೆ ಒಂದು ಕಪ್ಪು ಚಹಾ ಕೂಡ ಕೊಡಲಿಲ್ಲ. ಅವನಿಗೆ ನನ್ನ ತಪ್ಪಾಯಿತೆಂದು ಹೇಳು. ಆ ವಿಷಯ ಕೊನೆಗೆ ಬರೆಯುತ್ತೇನೆ, ಮೊದಲು ಹಬ್ಬದ ಸುದ್ದಿ ಕೇಳು.

ಹೋದ ವರ್ಷ ನನ್ನ ಮಗ ರಾಮಲಿಂಗ ತೀರಿಹೋಗಿ ವರ್ಷ ತುಂಬಿರಲಿಲ್ಲ, ಮನೆಯಲ್ಲಿ ಹಬ್ಬ ಇರಲಿಲ್ಲ. ಈ ವರ್ಷವೂ ಬೇಡವೆಂದೇ ಇದ್ದೆ. ನಿನ್ನ ಮಾವ ಕೇಳಲಿಲ್ಲ, ಅಂಗಡಿಯಿಂದ ಬೆಲ್ಲ, ಶೇಂಗಾ, ಎಳ್ಳು ತಂದು ಸುರಿದರು. ಹೀಗಾಗಿ ಉಂಡಿ ಕಟ್ಟಿದೆ. ಎಳ್ಳುಂಡಿ ಕಲ್ಲಾದವು. ಪಾಕದ ಹದ ನಿನ್ನ ಕೈಗೇ ಗೊತ್ತಿತ್ತು, ನಾನು ಅದನ್ನು ಯಾವತ್ತೂ ಬಾಯಿಬಿಟ್ಟು ಹೇಳಲಿಲ್ಲ. ರೊಟ್ಟಿ ಪಂಚಮಿಯ ದಿನ ಎಳ್ಳು ಹಚ್ಚಿದ ರೊಟ್ಟಿ, ಪುಂಡಿಪಲ್ಯೆ ಹಿಡಿದು ಪಕ್ಕದ ಮನೆಯ ಖುರ್ಷೀದಬೇಗಂಗೆ ಕೊಡಲು ಹೋದೆ. ತಾಟು ಇಸಿದುಕೊಂಡು ಅವಳು ಅಂದಳು: “ಎಂಟು ತಿಂಗಳಾತು ಶೇಖಮ್ಮ, ನಿಮ್ಮ ಮನ್ಯಾಗ ಮಷಿನ್ ಸಪ್ಪಳಿಲ್ಲ, ನಗಿ ಇಲ್ಲ. ನಿಮಗರ ಹೆಂಗ ನಿದ್ದಿ ಬರ್ತದ?”

ನಿದ್ದೆ ಬರುತ್ತಿಲ್ಲ ರಾಧಿಕಾ. ರಾಮಲಿಂಗನ ವರ್ಷದ ಕಾರ್ಯ ಮುಗಿದ ಮೂರನೆಯ ದಿನ ಖುರ್ಷೀದಬೇಗಂಳ ಆಡು ನಮ್ಮ ಅಂಗಳಕ್ಕೆ ನುಗ್ಗಿ, ಒಣಹಾಕಿದ್ದ ನನ್ನ ಸೀರೆಯ ಸೆರಗು ಮೇಯುತ್ತಿತ್ತು. ಅವಳು ಬೈಯುತ್ತ ಸೆರಗಿನ ಒಂದು ತುದಿ ಎಳೆದಳು, ಆಡು ಇನ್ನೊಂದು ತುದಿ ಬಿಡಲೊಲ್ಲದು. ನೀನು ಕಟ್ಟೆಯ ಮೇಲೆ ಕೂತು ಹೊಟ್ಟೆ ಹಿಡಿದು ನಕ್ಕೆ. ನಾನು ಒಳಗಿಂದ ಬಂದು ಏನು ಅಂದೆ, ನಿನಗೆ ನೆನಪಿದೆ. “ನನ್ನ ಮಗ ಮಣ್ಣಾಗ್ಯಾನ, ನಿನಗ ಹಲ್ಲು ಕಿಸಿಯಾಕ ಮನಸ್ಸರ ಹೆಂಗ ಬರ್ತದ? ಇನ್ನ ಈ ಮನ್ಯಾಗ ನಿನಗೇನು ಕೆಲಸದ?” ನೀನು ಬಟ್ಟೆ ಮಡಚಿಕೊಂಡು ಕಕ್ಕೇರಾಕ್ಕೆ, ನಿನ್ನ ಅವ್ವನ ಮನೆಗೆ ಹೊರಟುಹೋದೆ. ನಿಜ ಹೇಳುತ್ತೇನೆ, ಸಿಟ್ಟು ನಿನ್ನ ಮೇಲಿರಲಿಲ್ಲ. ನಿನ್ನ ನಗು ಕೇಳಿ ಒಂದು ಗಳಿಗೆ ರಾಮಲಿಂಗ ಮನೆಯಲ್ಲೇ ಇದ್ದಾನೆ ಅನ್ನಿಸಿಬಿಟ್ಟಿತು. ಲಗ್ನವಾದ ವರ್ಷ ಪಂಚಮಿಗೆ ನಿನ್ನನ್ನು ತವರಿಗೆ ಕಳಿಸುವ ಮುಂಚೆ ಅವನು ಬೇವಿನ ಮರಕ್ಕೆ ಜೋಕಾಲಿ ಕಟ್ಟಿ ಜೀಕಿದಾಗ ನೀನು ಹೀಗೆಯೇ ನಕ್ಕಿದ್ದೆ. ಬಂದು ನೋಡಿದರೆ ಅಂಗಳದಲ್ಲಿ ಬರೀ ಆಡು. ಆ ಸಂಕಟ ತಡೆಯಲಾರದೆ ನಿನ್ನ ಮೇಲೆ ಸುರಿದುಬಿಟ್ಟೆ. ತಪ್ಪು ನನ್ನದು.

ನಿನ್ನೆ ಹಾಲೆರೆಯಲು ಬೇವಿನ ಕಟ್ಟೆಯ ನಾಗಪ್ಪನ ಮುಂದೆ ಮೂವರೂ ನಿಂತೆವು. ಜೋಳದ ಅಳ್ಳು, ತಂಬಿಟ್ಟು, ನೆನೆಸಿದ ಕಡಲೆ ಎಡೆ ಮಾಡಿ, ಕೊಬ್ಬರಿ ಬಟ್ಟಲಲ್ಲಿ ಬೆಲ್ಲದ ಹಾಲು ಹಿಡಿದುಕೊಂಡೆ. ನಮ್ಮಲ್ಲಿಯ ರೂಢಿ ನಿನಗೆ ಗೊತ್ತಲ್ಲ, ಹಿರಿಯ ಹೆಣ್ಣುಮಗಳು ಮನೆಯ ಒಬ್ಬೊಬ್ಬರ ಹೆಸರು ಹೇಳಿ ಅವರವರ ಪಾಲು ಎರೆಯಬೇಕು. ದೇವರ ಪಾಲು ಎರೆದೆ, ಗುರುವಿನ ಪಾಲು ಎರೆದೆ, ನಿನ್ನ ಮಾವನ ಹೆಸರು ಹೇಳಿ ಭಾಗಣ್ಣನ ಪಾಲು ಎರೆದೆ. ಮೂವತ್ತು ವರ್ಷದ ಅಭ್ಯಾಸ, ನಾಲಿಗೆ ನಿಲ್ಲಲಿಲ್ಲ. “ರಾಮಲಿಂಗನ ಪಾಲು” ಎಂದು ಎರೆದುಬಿಟ್ಟೆ. ಇದ್ದವರ ಹೆಸರು ಮಾತ್ರ ಹೇಳಬೇಕಾದ ಕಡೆ ಇಲ್ಲದವನ ಹೆಸರು ಬಂತು. ಬಸಲಿಂಗ ಆ ಕಡೆ ಮುಖ ತಿರುಗಿಸಿದ. ಒಂದಿಷ್ಟು ಹಾಲು ನನ್ನ ಸೀರೆಯ ಮೇಲೆ ಚೆಲ್ಲಿತು. ನಿನ್ನ ಮಾವ ಮೆಲ್ಲಗೆ ಅಂದರು: “ಎರದದ್ದು ಎರದಿ, ಇರಲಿ ಬಿಡು. ಮುಂದಿನ ಹೆಸರು ಹೇಳು.”

ಮುಂದಿನ ಹೆಸರು ನಿನ್ನದು. ಆರು ವರ್ಷ ಅವನ ಹೆಸರಿನ ಬೆನ್ನಿಗೆ ನಿನ್ನ ಹೆಸರು ಹೇಳಿದ್ದೇನೆ, ಸೊಸೆ ರಾಧಿಕಾನ ಪಾಲು ಎಂದು. ಈಗ ಹೇಗೆ ಹೇಳಲಿ? ಸೊಸೆ ಎಂದರೆ ನಿನ್ನನ್ನು ಇಲ್ಲದವನ ಹೆಸರಿಗೆ ಮತ್ತೆ ಕಟ್ಟಿಹಾಕಿದಂತೆ. ಹೇಳದೆ ಬಿಟ್ಟರೆ ಈ ಮನೆಯಿಂದ ನಿನ್ನನ್ನು ಎರಡನೆಯ ಸಲ ಹೊರಗೆ ಹಾಕಿದಂತೆ. ಬಟ್ಟಲಲ್ಲಿ ಹಾಲು ಹಿಡಿದು ಎಷ್ಟು ಹೊತ್ತು ನಿಂತೆನೋ, ಹಿಂದೆ ಕಾಯುತ್ತಿದ್ದ ಹೆಂಗಸರು ಗುಸುಗುಸು ಶುರುಮಾಡಿದರು. ಆಮೇಲೆ ಓಣಿಗೆಲ್ಲ ಕೇಳುವ ಹಾಗೆ ಅಂದೆ: “ಮಗಳು ರಾಧಿಕಾನ ಪಾಲು.” ಉಳಿದವರಿಗಿಂತ ಒಂದಿಷ್ಟು ಹೆಚ್ಚೇ ಎರೆದೆ. ಇಬ್ಬರು ಗಂಡುಮಕ್ಕಳನ್ನು ಹೆತ್ತ ನಾನು ಆ ಕಟ್ಟೆಯ ಮುಂದೆ ಮಗಳು ಎಂಬ ಮಾತು ಆಡಿದ್ದು ಇದೇ ಮೊದಲು. ಮನೆಗೆ ಬಂದು ಬಚ್ಚಲಲ್ಲಿ ಕೂತು ಮನಸಾರೆ ಅತ್ತೆ, ಆಮೇಲೆ ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡೆ.

ಕತ್ತಲಾಯಿತು, ಕಣ್ಣು ಸರಿಯಾಗಿ ಕಾಣದು. ನಿನ್ನ ಅವ್ವ ಹಂಪಮ್ಮನಿಗೆ ನನ್ನ ಶರಣು ತಿಳಿಸು. ನಾಗಪ್ಪ ನಿನ್ನನ್ನು ತಣ್ಣಗೆ ಇಟ್ಟಿರಲಿ. ನಿನ್ನ ಮಾವನ ಆಶೀರ್ವಾದವೂ ಇದರಲ್ಲೇ ಇದೆ.

ನಿನ್ನ
ಶೇಖಮ್ಮ

ತಾ.ಕ.: ಕೊನೆಗೆ ಬರೆಯುತ್ತೇನೆಂದು ಹೇಳಿ ಸಹಿ ಮಾಡಿಬಿಟ್ಟೆ, ನೋಡು ನನ್ನ ಪುಕ್ಕಲುತನ. ಹೂಂ ರಾಧಿಕಾ, ಮರಿಲಿಂಗನಿಗೆ ಹೂಂ ಅನ್ನು. ಕತ್ತಲಲ್ಲಿ ಸೀರೆ ಉಡಿಸಿ ಮುಗಿಸುವ ಉಡಿಕೆ ಮದುವೆ ಬೇಡ, ಹಾಡುಹಗಲೇ ನಾಲ್ಕು ಮಂದಿಯ ಮುಂದೆ ಅಕ್ಕಿಕಾಳು ಬೀಳಲಿ, ಮೊದಲ ಕಾಳು ನಾನು ಹಾಕುತ್ತೇನೆ. ‘ಚಿ. ಸೌ.’ ಎಂದು ಪೂರ್ತಿ ಬರೆಯುವ ಆಸೆ ನನಗಿದೆ. ಇನ್ನೊಂದು ಮಾತು. ಈ ಪತ್ರವನ್ನು ಅಂಚೆಗೆ ಹಾಕಿಲ್ಲ, ಉಂಡಿ ಡಬ್ಬಿಯ ಜೊತೆ ಬಸಲಿಂಗನ ಕೈಯಲ್ಲಿ ಕೊಟ್ಟಿದ್ದೇನೆ. ನೀನು ಇದನ್ನು ಓದುವಾಗ ಅವನು ನಿಮ್ಮ ಬಾಗಿಲಲ್ಲೇ ನಿಂತಿರುತ್ತಾನೆ, ಒಳಗೆ ಕರೆದು ನೀರು ಕೊಡು. ಮೈದುನನೆಂದು ತಲೆಯ ಮೇಲೆ ಸೆರಗು ಎಳೆದುಕೊಳ್ಳಬೇಡ. ಹಬ್ಬ ಮುಗಿದ ಮೇಲೆ ಬಂದಿದ್ದಾನೆ, ತಡವಾಯಿತು ನಿಜ, ಆದರೆ ಹಬ್ಬಕ್ಕೆ ಕಟ್ಟಿದ ಜೋಕಾಲಿಯನ್ನು ಇನ್ನೂ ಬಿಚ್ಚಿಲ್ಲ. ಅಕ್ಕನನ್ನು ಪಂಚಮಿಗೆ ತವರಿಗೆ ಕರೆದೊಯ್ಯಲು ಬಂದಿದ್ದಾನೆ.