ಚಿಕ್ಕಯ್ಯನ ಲಾಗಿನ್

ಸೆ. 2, ಸೋಮವಾರ

ಬೆಳಿಗ್ಗೆಯಿಂದ ಸೌಟು ಎಣಿಸಿದ್ದೇ ಎಣಿಸಿದ್ದು. ಮೂರು ಸಲ ಎಣಿಸಿದರೆ ಮೂರು ಲೆಕ್ಕ. ಶಶಿಕಿರಣ್ — ಸಾಫ್ಟ್‌ವೇರ್ ಕಂಪನಿಯವನು, ದಿನಾ ಹಾಸನದಿಂದ ಬಸ್ಸಲ್ಲಿ ಬರುತ್ತಾನೆ — ಫ್ಯಾನಿನ ಕೆಳಗಿನ ಜಾಗ ಬಿಟ್ಟು ಏಳಲಿಲ್ಲ. "ಮೇಡಂ, ಓಪನಿಂಗ್ ಸ್ಟಾಕ್ ಕರೆಕ್ಟಾಗಿ ಕೊಟ್ಬಿಡಿ, ಮಿಕ್ಕಿದ್ದೆಲ್ಲ ಸಿಸ್ಟಮ್ಮೇ ನೋಡ್ಕೊಳುತ್ತೆ." ಸಿಸ್ಟಮ್ ಬಂದು ಸೌಟು ಎಣಿಸುತ್ತದಾ? ಕೇಳಬೇಕಿತ್ತು. ಕೇಳಲಿಲ್ಲ.

ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆ ಬಾಡಿಗೆಗೆ ಕೊಡುವ ನಮಗೆ ಇದೆಲ್ಲ ಬೇಕಿತ್ತಾ... ಆದರೆ ನಮ್ಮ ಮಾಲೀಕರು ಪದ್ಮಕುಮಾರ್ ಸರ್‌ಗೆ ಹುಮ್ಮಸ್ಸು. ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು — ಮೂರು ಗೋಡೌನೂ ಅವರ ಮೊಬೈಲಿನಲ್ಲಿ ಕಾಣಬೇಕಂತೆ. ಇದು ಸರಿಯಾಗಿ ನಡೆದರೆ ಮೂರಕ್ಕೂ ನಾನೇ ಇನ್‌ಚಾರ್ಜ್. ಬಾಯಿಬಿಟ್ಟು ಹೇಳಿದ್ದಾರೆ. ಆರು ವರ್ಷ ಬಿಲ್ ಬರೆದು ಬೆರಳು ಸವೆದಿದೆ. ನನಗೆ ಆ ಜಾಗ ಬೇಕು. ಇಲ್ಲಿ ಬರೆದುಕೊಳ್ಳಲು ಯಾರ ನಾಚಿಕೆ? ಬೇಕು.

ಸೆ. 4

ಎಲ್ಲರಿಗೂ ಲಾಗಿನ್ ಮಾಡಿದೆ. ಚಿಕ್ಕಯ್ಯನಿಗೂ. ಇಪ್ಪತ್ತೆರಡು ವರ್ಷದಿಂದ ಇಲ್ಲಿನ ಚನ್ನರಾಯಪಟ್ಟಣದ ಗೋಡೌನ್ ಅವರ ಕೈಯಲ್ಲೇ. ಓದು-ಬರಹ ಸಹಿಯ ಮಟ್ಟಿಗೆ. ಪಾಸ್‌ವರ್ಡ್ ಏನಿಡಲಿ ಅಂದರೆ — "ಅದ್ನೆಲ್ಲ ನೀವೇ ಮಡೀಕಳಿ ಯಶೋಧರಮ್ಮ. ನಂಗೆ ಬೀಗದ್ ಕೈ ಇದ್ರೆ ಸಾಕು." ಸರಿ, ಅವರ ಎಂಟ್ರಿಯೂ ನನ್ನ ತಲೆಗೇ ಬಂತು. ಅವರ ಲಾಗಿನ್‌ನಲ್ಲೇ ಕೂತು ಪಾತ್ರೆ ಪಟ್ಟಿ ಹಾಕುತ್ತಾ ಹೋದೆ.

ದೊಡ್ಡ ಕೊಪ್ಪರಿಗೆ ಹದಿನಾಲ್ಕು. ಆಮೇಲೆ ಮತ್ತೆ ದೊಡ್ಡ ಕೊಪ್ಪರಿಗೆ, ಆರು. ಸ್ಕ್ರೀನ್ ಕೆಂಪಾಯಿತು. ಒಂದೇ ಹೆಸರು ಎರಡು ಸಲ ತೆಗೆದುಕೊಳ್ಳುವುದಿಲ್ಲವಂತೆ.

"ಅವು ಬ್ಯಾರೆ, ಇವು ಬ್ಯಾರೆ ಕಣವ್ವ. ಸೇರಿಸ್ಬ್ಯಾಡಿ" ಅಂದರು ಚಿಕ್ಕಯ್ಯ.

"ಅಳತೆ ಬೇರೆಯಾ?"

"ಅಳ್ತೆ ಒಂದೇಯ."

"ಮತ್ತಿನ್ನೇನು ಬೇರೆ?"

"ಬ್ಯಾರೆ ಅಂದ್ನಲ್ಲವ್ವ..." ಅನ್ನುವಷ್ಟರಲ್ಲಿ ಹೊರಗೆ ಲಾರಿ ಹಾರ್ನ್. ಎದ್ದು ಹೋದರು. ಶಶಿಕಿರಣ್ ಪಕ್ಕದಲ್ಲಿ ಕೂತು ಗಡಿಯಾರ ನೋಡುತ್ತಿದ್ದ. "ಮರ್ಜ್ ಕೊಡಿ ಮೇಡಂ. ಹಿಂಗೆ ಒಂದೊಂದಕ್ಕೂ ಕೂತ್ರೆ ದೀಪಾವಳಿಗೂ ಮುಗಿಯಲ್ಲ."

ಕೊಟ್ಟೆ. ದೊಡ್ಡ ಕೊಪ್ಪರಿಗೆ: ಇಪ್ಪತ್ತು. ಸ್ಕ್ರೀನ್ ಹಸಿರು. ಇಡೀ ದಿನದಲ್ಲಿ ಸರಿಹೋದದ್ದು ಅದೊಂದೇ.

ಸೆ. 9

ಸರ್‌ನ ಸೋದರತ್ತೆ ಅನಂತಮ್ಮನವರ ಬುಕಿಂಗ್. ಶ್ರವಣಬೆಳಗೊಳದಲ್ಲಿ ಮನೆ. ಜೈನರಿಗೆ ಈಗ ದಶಲಕ್ಷಣ ಪರ್ವ. ಅರವತ್ತೆಂಟರ ಈ ಅಜ್ಜಿ ಹತ್ತು ದಿನ ಬರೀ ನೀರಿನ ಮೇಲೆ. ಹದಿನೆಂಟಕ್ಕೆ ಪಾರಣೆ, ಮುನ್ನೂರು ಜನರ ಊಟ. ನನಗೆ ಹನ್ನೊಂದು ಗಂಟೆಗೆ ಟೀ ತಪ್ಪಿದರೆ ಎದುರಿಗೆ ಬಂದವರಿಗೆಲ್ಲ ಬೈಗುಳ.

ಹೊಸ ಸಿಸ್ಟಮ್ಮಿನ ಮೊದಲ ಬಿಲ್ ಅವರದೇ ಆಗಲಿ ಅಂದರು ಸರ್. ಪ್ರಿಂಟ್ ತೆಗೆದು ಹಣೆಗೆ ಒತ್ತಿಕೊಂಡರು.

ಸೆ. 14, ಶನಿವಾರ

ಅರಕಲಗೂಡಿನಲ್ಲಿ ಮೈನಸ್ ನಲವತ್ತು ಕುರ್ಚಿ. ಕುರ್ಚಿ ಇಲ್ಲದಿರುವುದು ಗೊತ್ತು, ಇಲ್ಲದ್ದಕ್ಕಿಂತ ಕಡಿಮೆ ಇರುವುದು ಹೇಗೆ? ರುದ್ರಪಟ್ಟಣಕ್ಕೆ ಹೋದದ್ದನ್ನು ಎರಡು ಸಲ ಹಾಕಿದ್ದಾರೆ ಅನ್ನಿಸುತ್ತೆ. ಫೋನ್ ಮಾಡಿದರೆ ಒಬ್ಬರಿಗೂ ಗೊತ್ತಿಲ್ಲ. ತಲೆ ಸಿಡಿಯುತ್ತಿದೆ.

ಸೋಮವಾರ, ಮಂಗಳವಾರ ಅಲ್ಲಿಗೆ ಹೋಗಿ ಎಣಿಸಿ ಬನ್ನಿ ಅಂದೆ ಚಿಕ್ಕಯ್ಯನಿಗೆ.

"ಮಂಗ್ಳಾರ ಬೆಳ್ಗೊಳದ್ ಲೋಡ್ ಐತಲ್ಲವ್ವ. ನಾನಿರ್ಬೇಕು."

"ಸ್ಲಿಪ್ ಬರುತ್ತೆ. ಸ್ಲಿಪ್ ನೋಡಿ ಯಾರು ಬೇಕಾದ್ರೂ ತುಂಬಬಹುದು. ಅದಕ್ಕೇ ತಾನೇ ಇಷ್ಟು ಒದ್ದಾಡ್ತಿರೋದು?"

ಜೋರಾಗಿಯೇ ಅಂದೆ. ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಹೋದರು.

ಸೆ. 17

ಬೆಳಗೊಳದ ಲೋಡ್ ಹೊರಟಿತು. ಕೂಗಾಟ ಇಲ್ಲ, ಹುಡುಕಾಟ ಇಲ್ಲ. ಸ್ಲಿಪ್, ಸಹಿ, ಸರ್ ಮೊಬೈಲಿಗೆ ಮೆಸೇಜ್. ಶಶಿಕಿರಣ್ ಜಾಮೂನು ತರಿಸಿದ. ಹೇಗೋ ದಡ ಸೇರಿದೆವು.

ಸೆ. 18, ಬುಧವಾರ, ಮಧ್ಯಾಹ್ನ 3

ಆದದ್ದನ್ನು ಆದಂತೆ ಬರೆಯುತ್ತೇನೆ.

ಚಿಕ್ಕಯ್ಯ ಅರಕಲಗೂಡಿನಿಂದ ಮೊದಲ ಬಸ್ಸಿಗೇ ಬಂದು ಗೋಡೌನ್ ಬೀಗ ತೆಗೆದಿದ್ದಾರೆ. ಗೋಡೆ ಪಕ್ಕದ ಹಲಗೆ ಮೇಲೆ ಬೋರಲು ಹಾಕಿದ್ದ ಆರು ಕೊಪ್ಪರಿಗೆ ಅಲ್ಲೇ ಇವೆ. ಅವು ಜೈನರ ಮನೆಯ ವ್ರತದ ಅಡುಗೆಗೆ ಮಾತ್ರ. ಮಾಂಸ ಬಿಡಿ, ಈರುಳ್ಳಿ ಆಲೂಗಡ್ಡೆ ಕೂಡ ಬೀಳದಂತೆ ಸರ್‌ನ ತಂದೆಯ ಕಾಲದಿಂದ ಕಾಯ್ದ ಪಾತ್ರೆ. ಗುರುತಿಗೆ ಒಂದು ಬಣ್ಣವಿಲ್ಲ, ನಂಬರಿಲ್ಲ. ಹಲಗೆ ಮೇಲಿದ್ದರೆ ಅವು, ನೆಲದ ಮೇಲಿದ್ದರೆ ಇವು. ಚಿಕ್ಕಯ್ಯನಿಗೆ ಗೊತ್ತು, ಅಷ್ಟೇ. ಜೈನರ ಅಂಗಡಿಯಲ್ಲಿ ಇದನ್ನೂ ಬಾಯಿಬಿಟ್ಟು ಹೇಳಬೇಕೆಂದು ಅವರಿಗೆ ಅನ್ನಿಸಿಲ್ಲ.

ಬೆಳಗೊಳಕ್ಕೆ ಹೋದದ್ದು ನೆಲದ ಮೇಲಿನವು. ಭಾನುವಾರ ಹಳ್ಳಿಮೈಸೂರಿನ ಬಾಡೂಟಕ್ಕೆ ಹೋಗಿ ಬಂದವು.

ಗೂಡ್ಸ್ ಆಟೋಗೆ ಆರನ್ನೂ ಹೇರಿಕೊಂಡು ಚಿಕ್ಕಯ್ಯನೇ ಓಡಿದ್ದಾರೆ. ಅಷ್ಟರಲ್ಲಿ ಅಡುಗೆಯಾಗಿತ್ತು. ಅನಂತಮ್ಮ ಎಲೆ ಮುಂದೆ ಕೂತಿದ್ದರು. ಚಿಕ್ಕಯ್ಯ ಬಾಯಿಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ — ಸುದ್ದಿ ಕೇಳಿದಾಗ ನನಗೆ ಮೊದಲು ಬಂದ ಯೋಚನೆ ಇದು. ಥೂ.

ಅವರು ಹೇಳಿಬಿಟ್ಟರು. ಅಡುಗೆಯೆಲ್ಲ ಚೆಲ್ಲಿ ಹೊಸದಾಗಿ ಒಲೆ ಹಚ್ಚಿದರು. ಹನ್ನೊಂದರ ಹೊತ್ತಿಗೆ ಅನಂತಮ್ಮ ಕುಸಿದುಬಿದ್ದರಂತೆ. ಆಸ್ಪತ್ರೆ. ಹತ್ತು ದಿನದ ವ್ರತದ ಪಾರಣೆ ಗ್ಲೂಕೋಸ್ ಬಾಟಲಿಯಲ್ಲಿ ಆಯಿತು.

ಸೆ. 19

ಸರ್ ನಮ್ಮನ್ನೆಲ್ಲ ಕರೆದರು. ರಾತ್ರಿ ನಿದ್ದೆಯಿಲ್ಲದ ಮುಖ. "ವ್ರತದ ಪಾತ್ರೆ ಪಟ್ಟೀಲಿ ಯಾಕಿಲ್ಲ?"

ಶಶಿಕಿರಣ್ ರಿಪೋರ್ಟ್ ತೆಗೆದ. ಯಾರು, ಯಾವಾಗ, ಏನು ಮಾಡಿದರು, ಎಲ್ಲ ಇರುತ್ತದಂತೆ ಅದರಲ್ಲಿ. ಇತ್ತು. ಮರ್ಜ್, ಸೆ. 4, 11.42, ಚಿಕ್ಕಯ್ಯ.

"ನೀನೇ ಸೇರಿಸಿದ್ದಾ ಚಿಕ್ಕಯ್ಯ? ಎಲ್ಲ ಗೊತ್ತಿದ್ದ ನೀನೇ?"

ಚಿಕ್ಕಯ್ಯ ಸ್ಕ್ರೀನ್ ನೋಡಿದರು. ಆಮೇಲೆ ನನ್ನನ್ನು ನೋಡಿದರು. ನಾನು ಪೆನ್ನಿನ ಕ್ಯಾಪ್ ಹಾಕುತ್ತಿದ್ದೆ, ತೆಗೆಯುತ್ತಿದ್ದೆ.

"ನನ್ ಎಸ್ರು ಐತಲ್ಲ ಸಾ. ಅಂಗಾರೆ ನಂದೇಯ."

ಶಶಿಕಿರಣ್‌ಗೂ ಗೊತ್ತು. ಲ್ಯಾಪ್‌ಟಾಪ್ ಮಡಿಚಿದ. ಬಸ್ಸಿಗೆ ಹೊತ್ತಾಯಿತಂತೆ.

ಸೆ. 20

ನಾಳೆ ಹೇಳುತ್ತೇನೆ.

ಸೆ. 21

ಸರ್ ಆಸ್ಪತ್ರೆಯಲ್ಲಿದ್ದರು.

ಸೆ. 25

ಅನಂತಮ್ಮ ಮನೆಗೆ ಬಂದಿದ್ದಾರೆ, ಗಂಜಿ ಕುಡಿಯುತ್ತಿದ್ದಾರೆ. ಸರ್ ಮೂರು ದಿನದಿಂದ ಆಫೀಸಿನಲ್ಲೇ ಇದ್ದಾರೆ. ಇನ್ನು ನೆಪವಿಲ್ಲ.

ಇವತ್ತು ಇನ್‌ಚಾರ್ಜ್ ಮಾಡಿದರು. ಯಾರೂ ಚಪ್ಪಾಳೆ ತಟ್ಟಲಿಲ್ಲ, ನನಗೂ ಬೇಕಿರಲಿಲ್ಲ. ಮೊದಲ ಕೆಲಸ: "ವ್ರತದ ಕೊಪ್ಪರಿಗೆ, ಆರು" ಅಂತ ಹೊಸ ಐಟಂ. ಅರ್ಧ ನಿಮಿಷ ಹಿಡಿಯಿತು. ಅರ್ಧ ನಿಮಿಷ! ಅವತ್ತು ಅಷ್ಟೂ ತಾಳ್ಮೆ ಇರಲಿಲ್ಲವಲ್ಲ ನನಗೆ.

ಎರಡನೇ ಕೆಲಸ: ತಿಂಗಳ ಕೊನೆಗೆ ಚಿಕ್ಕಯ್ಯನ ಲಾಗಿನ್ ತೆಗೆಯಬೇಕು. ಮನೆಗೆ ಕಳಿಸುತ್ತಿದ್ದಾರೆ.

ಸೆ. 30, ಬೆಳಿಗ್ಗೆ 10.20

ಚಿಕ್ಕಯ್ಯ ಬಂದು ಬೀಗದ ಕೈ ಗೊಂಚಲನ್ನು ಟೇಬಲ್ ಮೇಲಿಟ್ಟರು. ಯಾವುದು ಯಾವ ಬಾಗಿಲಿನದು ಎಂದು ಒಂದೊಂದಾಗಿ ತೋರಿಸಿಕೊಟ್ಟರು. ನನಗೆ ಒಂದೂ ತಲೆಗೆ ಹೋಗಲಿಲ್ಲ.

"ಚಿಕ್ಕಯ್ಯಣ್ಣ, ನಾನೇ ಅಂತ ನಿಮಗೆ ಗೊತ್ತಿತ್ತಲ್ಲ. ಅವತ್ತು ಯಾಕೆ ಹೇಳಲಿಲ್ಲ?"

"ನೀವೇ ಏಳ್ತೀರಿ ಅಂತ ಕಾಯ್ತಿದ್ದೆ ಕಣವ್ವ. ಇವತ್ಗಂಟ."

ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ಏನಾದರೂ ತಿರುಗಿಸಿ ಹೇಳುತ್ತಿದ್ದೆ, ಹೇಳಲು ನನಗೆ ಬರುತ್ತದೆ. ಈಗ ಹೊರಗೆ ಬೆಂಚಿನ ಮೇಲೆ ಕೂತಿದ್ದಾರೆ. ಅವರನ್ನು ಬಿಡುಗಡೆ ಮಾಡುವ ಕಾಗದಕ್ಕೆ ಇನ್‌ಚಾರ್ಜ್ ಸಹಿ ಬೇಕು. ನನ್ನ ಸಹಿ.

ಸರ್ ಒಳಗೆ ಒಬ್ಬರೇ ಇದ್ದಾರೆ. "ಸರ್, ಆ ಲಾಗಿನ್ ವಿಷಯ..." ಅಂತ ಶುರು ಮಾಡುತ್ತೇನೆ. ಬೇಡ. ಲಾಗಿನ್ನೂ ಬೇಡ, ಸಿಸ್ಟಮ್ಮೂ ಬೇಡ. ನೆಟ್ಟಗೆ ಹೇಳಬೇಕು. "ಸರ್, ಅವತ್ತು ನಾನು..." ಉಳಿದದ್ದು ಇಲ್ಲಿ ಬರೆಯುವುದಲ್ಲ. ಎದ್ದೆ.